ಹದಿಮೂರು ಸಲ ಹೊಲಿದ ಬಿಳಿ ಗುಂಡಿ

ಮೂವತ್ತು ವರ್ಷ ಸಿನಿಮಾದವರ ಬಟ್ಟೆ ಹೊಲಿದ ನಮ್ಮ ದರ್ಜಿಗೆ ಕಣ್ಣು ಮಂಜಾಗಿ, ಸೊಂಟ ಕೈಕೊಟ್ಟಿತ್ತು. ಇದೇ ಕೊನೆಯದು ಎಂದುಕೊಂಡು ಒಪ್ಪಿದ್ದು ಒಂದು ಹಳೇ ಕಾಲದ ಕೊಲೆಯ ಸಿನಿಮಾ.

ಬೀದಿದೀಪ ಹಚ್ಚುವವನೊಬ್ಬನ ಕೊಲೆ. ಅವನ ಅಂಗಿಗೆ ನಾಲ್ಕು ಕಪ್ಪು ಗುಂಡಿ, ಒಂದು ಬಿಳಿ. ಕಪ್ಪು ಗುಂಡಿಯೊಂದು ಬಿದ್ದುಹೋದಾಗ ಹೆಂಡತಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಟ್ಟಿದ್ದು. ಇರಿಯುವ ಗಲಾಟೆಯಲ್ಲಿ ಆ ಬಿಳಿ ಗುಂಡಿ ಕಿತ್ತುಬಂದು ಕೊಲೆಗಾರನ ಮುಷ್ಟಿ ಸೇರುತ್ತದೆ. ಕೊನೆಗೆ ಅವನ ಮಂಚದಡಿ ಸಿಕ್ಕಿ ಅವನನ್ನು ಹಿಡಿದುಕೊಡುತ್ತದೆ.

ದರ್ಜಿ ಆ ಗುಂಡಿಯನ್ನು ಅಂಗಡಿಯಿಂದ ತರಲಿಲ್ಲ. ತನ್ನ ಹೆಂಡತಿ ಗುಂಡಿ ತುಂಬಿಟ್ಟಿದ್ದ ಹಳೇ ಬಿಸ್ಕತ್ತು ಡಬ್ಬಿ ಕೆದಕಿ, ಅವಳು ಮದುವೆಯಾದ ಹೊಸದರಲ್ಲಿ ತೊಡುತ್ತಿದ್ದ ರವಿಕೆಯದನ್ನು ಹೇಳದೆ ಎತ್ತಿಕೊಂಡು ಬಂದ. ಇಷ್ಟು ವರ್ಷದಲ್ಲಿ ಅವಳು ಅವನ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಇದನ್ನು ತೋರಿಸಲೇಬೇಕು, ಗುಂಡಿ ಕಂಡಾಗ ಅವಳ ಮುಖ ನೋಡಬೇಕು ಎಂಬುದೊಂದೇ ಆಸೆ.

ನಿರ್ದೇಶಕರು ಮಾತ್ರ ಇತಿಹಾಸವನ್ನು ಬಕೆಟ್ಟಿನಲ್ಲಿ ಅಳೆಯುವವರು. ಪ್ರತಿ ಟೇಕಿಗೂ ಸಕ್ಕರೆ ಪಾಕದ ರಕ್ತ ಚಿಮ್ಮುತ್ತಿತ್ತು. ದರ್ಜಿ ಅಂಗಿ ಒಗೆದು, ಇಸ್ತ್ರಿಯಲ್ಲಿ ಒಣಗಿಸಿ, ಅದೇ ಗುಂಡಿ ಮತ್ತೆ ಹೊಲಿಯುತ್ತಿದ್ದ. ಏಳನೆಯ ಸಲಕ್ಕೆ ತಾಳ್ಮೆ ತಪ್ಪಿತು.

“ಸಾರ್, ರಕ್ತ ಒಂಚೂರು ಕಮ್ಮಿ ಮಾಡಿ. ಗುಂಡಿ ಕಾಣಲ್ಲ.”

“ಇದು ಇತಿಹಾಸ ಕಣ್ರೀ! ಇತಿಹಾಸದಲ್ಲಿ ರಕ್ತ ಹರಿದಿದೆ.”

“ಹರಿದಿದೆ ಸಾರ್. ಆದ್ರೆ ಒಬ್ಬನ ಮೈಯಲ್ಲಿ ಎರಡು ಬಕೆಟ್ ಇರಲ್ಲ.”

ಹೆಣವಾಗಿ ಮಲಗಿದ್ದ ನಟ ಕಿಸಕ್ಕನೆ ನಕ್ಕ. ನಿರ್ದೇಶಕರು ನಗಲಿಲ್ಲ, ಮೂರನೇ ಬಕೆಟ್ ತರಿಸಿದರು. ಹದಿಮೂರನೆಯ ಟೇಕಿಗೆ ಕ್ಯಾಮೆರಾದವನು ದರ್ಜಿಯ ಮೇಲೆ ಕನಿಕರಪಟ್ಟು, ಕೊಲೆಗಾರನ ಮುಷ್ಟಿಯ ಹತ್ತಿರ ಹೋಗಿ ಗುಂಡಿಯನ್ನು ಸೆರೆಹಿಡಿದ. ಕೆಂಪಿನ ನಡುವೆ ಬೆಳ್ಳಗೆ, ಎರಡು ಸೆಕೆಂಡು. ಅಷ್ಟು ಸಾಕು ಎಂದುಕೊಂಡ ದರ್ಜಿ, ಬೆರಳಿಗಂಟಿದ ಪಾಕ ಒರೆಸಿಕೊಂಡು ಮನೆಗೆ ಹೋದ.

ಸಿನಿಮಾ ತೆರೆಕಂಡ ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ಹೆಂಡತಿಯನ್ನು ಕರೆತಂದ. ದೀಪದವನು ಗಲ್ಲಿಯೊಳಗೆ ತಿರುಗಿದ. ದರ್ಜಿ ಸೆಟೆದು ಕೂತ. ಚೂರಿ ಎದ್ದಿತು, ಪರದೆಯೆಲ್ಲ ಕೆಂಪಾಯಿತು. ಇಡೀ ಚಿತ್ರಮಂದಿರ ಮುಖ ಮುಚ್ಚಿಕೊಂಡಿತು. ನಿರ್ದೇಶಕರು ಹಿಂದಿನ ಸಾಲಿನಿಂದ, “ನೋಡಿದ್ರಾ, ಹೇಗೆ ಬೆಚ್ಚಿಬಿದ್ರು!” ಎಂದು ಪಕ್ಕದವರನ್ನು ತಿವಿದರು.

ಅವಳು ಸೆರಗಿನೊಳಗಿಂದ, “ರೀ, ಮುಗೀತಾ? ಕಣ್ಣು ಬಿಡ್ಲಾ?” ಎಂದಳು.

ಎರಡು ಸೆಕೆಂಡು ಆಗಲೇ ಕಳೆದಿತ್ತು. “ಹ್ಞೂಂ, ಬಿಡು,” ಎಂದ.

ಮುಂದೆ ಒಂದೂವರೆ ಗಂಟೆಯ ಮೇಲೆ ಪೊಲೀಸಿನವನು ಮಂಚದಡಿ ಬಗ್ಗಿ, ಅಂಗೈಯಲ್ಲಿ ಏನನ್ನೋ ಹಿಡಿದು ಗೆದ್ದವನಂತೆ ಎದ್ದುನಿಂತ. ಚಿತ್ರಮಂದಿರದಲ್ಲಿ ಗುಸುಗುಸು. “ಏನ್ರೀ ಅದು? ಎಲ್ಲಿಂದ ಬಂತು?” ಎಂದು ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ಕೇಳಿಕೊಂಡರು.

“ಗುಂಡಿ ಅಲ್ವೇನ್ರೀ?” ಅವಳು ದರ್ಜಿಯ ಕಡೆ ವಾಲಿದಳು. “ಯಾರದದು?”

“ನಿಂದೇ ಕಣೆ,” ಎಂದ ದರ್ಜಿ.

ಅವಳು ಪರದೆಯನ್ನು, ಆಮೇಲೆ ಅವನನ್ನು, ಮತ್ತೆ ಪರದೆಯನ್ನು ನೋಡುವಷ್ಟರಲ್ಲಿ ಪೊಲೀಸಿನವನು ಅದನ್ನು ಜೇಬಿಗೆ ಹಾಕಿಕೊಂಡಾಗಿತ್ತು.

“ಮೊದ್ಲೇ ಹೇಳ್ಬಾರ್ದಾ? ಎಷ್ಟೇ ಹೆದರಿಕೆಯಾದ್ರೂ ಕಣ್ಣು ಬಿಟ್ಕೊಂಡೇ ಕೂತಿರ್ತಿದ್ದೆ.”