ಬೆಲ್ಲದ ಬಣ್ಣದ ಹವಳ

ಮುರುಡೇಶ್ವರದ ಮಹಾಬಲೇಶ್ವರ ವಿಶಾಖಪಟ್ಟಣದಲ್ಲಿ ಪ್ರವಾಸಿಗರನ್ನು ಕೈಹಿಡಿದು ಕಡಲೊಳಗೆ ಇಳಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಹೆಂಡತಿ ದುರ್ಗಾಂಬ ವಿಜಯವಾಡದವಳು, ಅಲ್ಲೇ ಪಟಮಟದ ಶಾಲೆಯಲ್ಲಿ ಟೀಚರು. ಮಗಳು ರಾಜ್ಯಶ್ರೀ ಅಮ್ಮನ ಜೊತೆ. ಮಗಳು ಹುಟ್ಟಿದ ವಾರವೇ ಅವನು ಆಳದ ಬಂಡೆಯೊಂದರ ಮೇಲೆ ಒರಳುಕಲ್ಲಿನಷ್ಟು ದಪ್ಪದ ಹವಳ ಕಂಡಿದ್ದ. ಬಣ್ಣ ಹಳೇ ಬೆಲ್ಲದ್ದು. ಹವಳವೆಂದರೆ ಉಂಗುರದ ಕೆಂಪು ಕಲ್ಲು ಎಂದುಕೊಂಡ ಪ್ರವಾಸಿಗರು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಇವನಿಗೆ ಮಾತ್ರ ಅದು ಮಗಳ ಓರಗೆಯದು. ಅದನ್ನು ಬಿಟ್ಟಗಲದ ಹಳದಿ ಚಿಟ್ಟೆಮೀನುಗಳ ಜೋಡಿಯನ್ನು ಫೋನಿನಲ್ಲಿ ವರ್ಣಿಸಿ, "ಹತ್ತು ತುಂಬ್ಲಿ ಮಗಾ, ತೋರಿಸ್ತೆ" ಎಂದು ಮಾತು ಕೊಟ್ಟಿದ್ದ.

ಹತ್ತು ತುಂಬಿದ ಈ ಏಪ್ರಿಲ್‌ನಲ್ಲೇ ಅವನು ಮುಳುಗುವಾಗ ಕಟ್ಟುವ ಕೈಗಡಿಯಾರ ನೀರಿನ ಬಿಸಿ ಮೂವತ್ತೊಂದೂವರೆ ಡಿಗ್ರಿ, ವಾಡಿಕೆಗಿಂತ ಎರಡು ಹೆಚ್ಚು ಎಂದಿತು. ಕಡಲಲ್ಲೇ ಬೆಳೆದವನಿಗೆ ಗಡಿಯಾರದ ಉಪದೇಶ! "ನನ್ನ ಮೈಗೆ ತಿಳೀದ್ದು ಇದಕ್ಕೆಂತ ತಿಳೀತದೆ?" ಎಂದು ರಿಪೇರಿಗೆ ಕೊಟ್ಟ. ಹದಿನೆಂಟು ದಿನದ ಮೇಲೆ ಅದು ವಾಪಸು ಬಂತು, ಏನೂ ಕೆಟ್ಟಿರಲಿಲ್ಲ. ಅಷ್ಟರಲ್ಲಿ ಹವಳ ಸುಣ್ಣ ಬಳಿದಂತಾಗಿತ್ತು. ಮೈಯೊಳಗಿದ್ದು ತನಗೆ ಬಣ್ಣವನ್ನೂ ಅನ್ನವನ್ನೂ ಕೊಡುತ್ತಿದ್ದ ಪಾಚಿಯನ್ನೇ ಬಿಸಿಗೆ ಹೊರಹಾಕಿ ಉಪವಾಸ ಕೂತಿತ್ತು. ಚಿಟ್ಟೆಮೀನುಗಳು ಇರಲಿಲ್ಲ. ಗಡಿಯಾರ ಹೇಳಿದ ದಿನವೇ ಕರೆಸಿದ್ದರೆ ಮಗಳು ನೋಡುತ್ತಿದ್ದಳು, ವಿಜಯವಾಡವೇನು ದೂರವೇ? ಕೆಟ್ಟ ಮೇಲೆ ಬುದ್ಧಿ ಬಂತು.

ನೀರು ತಣಿದರೆ ಚೇತರಿಸಿಕೊಂಡೀತೆಂದು ದಿನವೂ ಇಳಿದು ನೋಡಿದ. ತಣಿಯಲಿಲ್ಲ. ಗಟ್ಟಿಮುಟ್ಟಾಗಿದ್ದಾಗ ಕಣ್ಣೆತ್ತಿಯೂ ನೋಡದ ಜನ ಈಗ ಅದರ ಪಕ್ಕ ಫೋಟೋಗೆ ಮುಗಿಬಿದ್ದರು. ಅವನಿಗೆ ಮೈಯೆಲ್ಲ ಉರಿಯಿತು.

ಮೇ ತಿಂಗಳಲ್ಲಿ ಮಗಳು ಬಂದಳು. ಕರೆದೊಯ್ಯಲು ಮನಸ್ಸಿರಲಿಲ್ಲ, ಆದರೆ ಮಾತು ಕೊಟ್ಟಾಗಿತ್ತು. ನೀರಿಂದ ಮೇಲೆದ್ದವಳೇ ಮುಖದ ಕನ್ನಡಕ ಕಿತ್ತು, ಅಪ್ಪನನ್ನು ಎಂದಿನಂತೆ ತೆಲುಗಿನಲ್ಲೇ ಕರೆದು, "ನಾನ್ನಾ, ಎಷ್ಟು ಬೆಳ್ಳಗಿದೆ! ಯಾವಾಗ್ಲೂ ಹೀಗೇ ಇರತ್ತಾ?" ಎಂದಳು.

ನಿಜ ನಾಲಿಗೆಯ ತುದಿಗೆ ಬಂದು ನಿಂತಿತು. "ಹೌದು ಮಗಾ."

"ಮತ್ತೆ ಮೀನು?"

"ಊಟ ಹುಡ್ಕಂಡು ಹೋಗಿರ್ಬೇಕು."

ಹುಡುಗಿ ನಕ್ಕಳು. ಅವನಾಡಿದ್ದರಲ್ಲಿ ಅದೊಂದೇ ಸತ್ಯ. ಆ ಮೀನುಗಳ ಅನ್ನ ಆ ಹವಳವೇ ಆಗಿತ್ತು.

ಜೂನ್‌ನಲ್ಲಿ ಅದರ ಮೇಲೆಲ್ಲ ಹಸಿರು ಲೋಳೆ ಹತ್ತಿತು, ಹವಳ ಸತ್ತಿತ್ತು. ಅದನ್ನು ನೋಡಿ ದಡಕ್ಕೆ ಬಂದ ದಿನವೇ ಪಟಮಟದಿಂದ ಫೋನು.

"ನಾನ್ನಾ, ಮುಂದಿನ ರಜೆಗೆ ಅಮ್ಮಂಗೂ ತೋರಿಸ್ತೀಯಾ? ಬೆಳ್ಳಗಿರೋದು?"

ಅವನು ಹೂಂ ಎಂದ.