ಸಾವಕಾಶ ಬಂದ ಕಾರು

ಶೇಖವ್ವ ಬದನೆಕಾಯಿ ಬುಟ್ಟಿಯಲ್ಲಿ ಕುಳಿತಿದ್ದಳು. ತಾನಾಗಿ ಹೋಗಿ ಕುಳಿತದ್ದಲ್ಲ, ಕೂಡಿಸಲ್ಪಟ್ಟಿದ್ದಳು.

ಗಜೇಂದ್ರಗಡದ ಸಂತೆ. ಗಂಡ ದ್ಯಾಮಪ್ಪ ಮೊಪೆಡ್ಡನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಅದರ ಮೇಲೆ ಕುಳಿತಲ್ಲಿಂದಲೇ ಎಲೆಯಡಿಕೆಗೆ ಚೌಕಾಸಿ ನಡೆಸಿದ್ದ. ಹಿಂದಿನ ಸೀಟಿನಲ್ಲಿ ಶೇಖವ್ವ ಒಂದೇ ಬದಿಗೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ತನ್ನ ಮಗ್ಗಕ್ಕೆ ಬೇಕಾದ ನೂಲಿನ ಗಂಟಿಟ್ಟುಕೊಂಡು ಕಾಯುತ್ತಿದ್ದಳು. ಆಗ ಸೀರೆ ವ್ಯಾಪಾರಿ ಶರಣಬಸಪ್ಪ ಸಾವ್ಕಾರರ ಹೊಸ ಬಿಳಿ ಕಾರು, ಮೇಯ್ದು ಬಂದ ಎಮ್ಮೆ ಗೋದಲಿಯತ್ತ ಸರಿಯುವಂತೆ, ಹಿಮ್ಮುಖವಾಗಿ ಸಾವಕಾಶ ಬಂದು ಮೊಪೆಡ್ಡಿಗೆ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಟಕ್ ಎಂದಿತು, ಅಷ್ಟೆ. ಶೇಖವ್ವನ ತಲೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಹೋಗಿ ಬಂತು. ಆಮೇಲೆ ಉಳಿದ ಮೈಯೂ ಸೀಟು ಬಿಟ್ಟು ನಾಹೀದಳ ಬುಟ್ಟಿಗೆ ಇಳಿಯಿತು.

ಕಾಯಿಪಲ್ಯ ಮಾರುವ ನಾಹೀದ ಸುಮ್ಮನಿರುವವಳಲ್ಲ. "ಶೇಖಕ್ಕಾ, ತಗೊಳ್ಳೂದಿದ್ರ ಕೇಳಬೇಕಿತ್ತು. ಹಿಂಗ ಕುಂತು ಆರಸ್ತಾರೇನ?"

ಸಂತೆಗೆ ಸಂತೆಯೇ ನಕ್ಕಿತು. ನಮ್ಮೂರಿನವರು ಕೆಟ್ಟವರಲ್ಲ. ಬಿದ್ದವರನ್ನು ಖಂಡಿತ ಎತ್ತುತ್ತೇವೆ, ಮೊದಲು ನಕ್ಕು ಮುಗಿಸುತ್ತೇವೆ, ಅಷ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದ ಶೇಖವ್ವನೂ ನಕ್ಕಳು. ನಡುಸಂತೆಯಲ್ಲಿ ಬುಟ್ಟಿಯೊಳಗೆ ಕುಳಿತ ಹೆಂಗಸು ಇನ್ನೇನು ಮಾಡಿಯಾಳು?

ಮಗಳನ್ನು ಒಳಗೇ ಬಿಟ್ಟು, ಕಾರು ಓಡಿಸುತ್ತಿದ್ದ ಸಾವ್ಕಾರರು ಕೆಳಗಿಳಿದರು. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಸವರಿ ನೋಡಿದರು. ಸಾಲದೆಂದು ಧೋತರದ ಚುಂಗಿನಿಂದ ಒರೆಸಿಯೂ ನೋಡಿದರು.

"ಏನೂ ಆಗಿಲ್ಲಲ್ಲ?"

ಕೇಳಿದ್ದು ಕಾರನ್ನೋ ತನ್ನನ್ನೋ ಶೇಖವ್ವನಿಗೆ ತಿಳಿಯಲಿಲ್ಲ. ಕಾರು ಉತ್ತರ ಕೊಡಲಿಲ್ಲವಾದ್ದರಿಂದ ತಾನೇ ಕೊಟ್ಟಳು. "ಇಲ್ರಿ."

ಮುಂದೆ ಎಷ್ಟೋ ದಿನ ಆಕೆಗೆ ಕಾರಿನ ಮೇಲೆ, ಸಾವ್ಕಾರರ ಮೇಲೆ, ಊರಿನ ಮೇಲೆ ಬಂದ ಸಿಟ್ಟು ಒಂದು ತೂಕವಾದರೆ, ತನ್ನದೇ ಆ ನಗು ಮತ್ತು ಆ "ಇಲ್ರಿ"ಯ ಮೇಲೆ ಬಂದ ಸಿಟ್ಟು ಇನ್ನೊಂದು ತೂಕ.

ಮರುದಿನ ಬೆಳಿಗ್ಗೆ ಏಳಲು ಹೋದರೆ ಮೈ ಎದ್ದಿತು, ತಲೆ ಏಳಲಿಲ್ಲ. ಕುತ್ತಿಗೆಗೆ ಯಾರೋ ಗೂಟ ಹೊಡೆದಂತಿತ್ತು. ಎಡಕ್ಕೆ ನೋಡಬೇಕೆಂದರೆ ಇಡೀ ಮೈಯನ್ನೇ ಎಡಕ್ಕೆ ಒಯ್ಯಬೇಕು. ಬಾಗಿದರೆ ಕಣ್ಣಿಗೆ ಕತ್ತಲೆ. ರೋಣದ ದವಾಖಾನೆಗೆ ಹೋದರು. ಡಾಕ್ಟರು ಫೋಟೋ ತೆಗೆಸಿ, ಎಲುಬು ಸರಿಯಾಗಿದೆ, ಒಳಗಿನ ಸ್ನಾಯು ಜಗ್ಗಿದೆ, ಗಾಡಿ ಎಷ್ಟು ನಿಧಾನ ಬಂದಿದ್ದರೂ ತಲೆ ಹೀಗೆ ಹಿಂದೆ ಮುಂದೆ ಒಗೆದರೆ ಆಗುವಂಥದ್ದೇ ಎಂದರು. ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿದರು. ನೋವು ಹೋಗುವವರೆಗೆ ಮಗ್ಗದ ಹತ್ತಿರ ಸುಳಿಯಬೇಡ ಎಂದರು.

ಎಲುಬು ಸರಿಯಾಗಿದ್ದದ್ದೇ ಕೆಟ್ಟದ್ದಾಯಿತು. ದ್ಯಾಮಪ್ಪ ಮುಗ್ಧ. ಸಿಹಿ ಸುದ್ದಿಯೆಂಬಂತೆ ಓಣಿಗೆಲ್ಲ ಹೇಳಿಕೊಂಡು ಬಂದ: "ಏನೂ ಚಿಂತಿ ಇಲ್ಲ. ಫೋಟೋದಾಗ ಏನೂ ಬಂದಿಲ್ಲ."

ಫೋಟೋದಲ್ಲಿ ಬರದ ನೋವನ್ನು ನೇಕಾರ ಓಣಿ ಒಪ್ಪಲಿಲ್ಲ. ರಕ್ತವಿಲ್ಲ, ಹೊಲಿಗೆಯಿಲ್ಲ, ಬಾವೂ ಇಲ್ಲ. ಮಾತಾಡಿಸಲು ಬಂದವರು ಚಹಾ ಕುಡಿದು, ಪಟ್ಟಿಯನ್ನು ಮುಟ್ಟಿ ನೋಡಿ, ಹೊರಡುವಾಗ ಒಂದು ಮಾತು ಬಿಟ್ಟು ಹೋಗುತ್ತಿದ್ದರು. "ಕಾರು ಭಾಳ ಸಾವಕಾಶ ಬಂದಿತ್ತಂತಲ್ಲವಾ?" ಶೇಖವ್ವನ ಕುತ್ತಿಗೆಯೇ ಲೆಕ್ಕ ತಪ್ಪಿ ಜಾಸ್ತಿ ನೊಂದುಕೊಂಡಿದೆ ಎಂಬಂತೆ. "ಅವತ್ತ ನಗಾಕತ್ತಿದ್ದೆಲ್ಲ!" ಎಂದು ಇನ್ನೊಬ್ಬರು.

ಬೇರೆ ಸಮಯವಾಗಿದ್ದರೆ ಆಕೆ ಇದನ್ನೂ ನುಂಗುತ್ತಿದ್ದಳೇನೋ. ರಾಜೂರಿನ ಒಕ್ಕಲುತನದ ಮನೆಯಿಂದ ಬಂದವಳು ಶೇಖವ್ವ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವುದನ್ನು ಮದುವೆಯಾದ ಮೇಲೆ ಅತ್ತೆ ಕಲಿಸಿದಳು. ಬಯಲಲ್ಲಿ ಬೆಳೆದವಳನ್ನು ಹೂತಿಟ್ಟರಲ್ಲ ಎಂದು ಮೊದಮೊದಲು ಅತ್ತಳು. ಆಮೇಲೆ ಅದೇ ಕುಣಿಯಲ್ಲಿ ಹೆಸರು ಮಾಡಿದಳು. ಈಗ ಆಕೆಯ ಮಗ್ಗದ ಮೇಲಿದ್ದದ್ದು ಎಂಥದೋ ಸೀರೆಯಲ್ಲ. ಅದೇ ಶರಣಬಸಪ್ಪ ಸಾವ್ಕಾರರ ಮಗಳು ಬನಶ್ರೀಯ ಧಾರೆ ಸೀರೆ. ನರಗುಂದದ ಬೀಗರು ಸೆರಗು ಹಿಡಿದು ನೋಡುವಂಥವರು, ಶೇಖವ್ವನ ಕೈಯದೇ ಆಗಬೇಕು ಎಂದು ಸಾವ್ಕಾರರೇ ಹಟ ಹಿಡಿದು ನೇಯಿಸುತ್ತಿದ್ದರು. ಅರ್ಧ ನೇಯ್ದಾಗಿ ಇಳಿದಿತ್ತು. ಅರ್ಧಕ್ಕೆ ನಿಂತಿತ್ತು.

ಆ ಓಣಿಯಲ್ಲಿ ಒಬ್ಬರು ಹಿಡಿದ ಸೀರೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಲಾಳಿ ಓಡಿದ ಮೇಲೆ ಎಳೆಯನ್ನು ಕೂಡಿಸಲು ಬಾಚಣಿಗೆಯಂಥ ಫಣಿ ಬಡಿಯುವ ಪೆಟ್ಟು ಒಬ್ಬೊಬ್ಬರದು ಒಂದೊಂದು. ಕೈ ಬದಲಾದರೆ ಬಟ್ಟೆಯಲ್ಲಿ ತೋರುತ್ತದೆ. ಹಾಗಾಗಿ ಲಗ್ನದ ಸೀರೆಯನ್ನು ನಡುವೆ ಬಿಟ್ಟೆದ್ದವಳಿಗೆ ಓಣಿಯಲ್ಲಿ ಒಂದೇ ಹೆಸರು, ಮೈಗಳ್ಳಿ. ಅದನ್ನು ಯಾರೂ ಎದುರಿಗೆ ಅನ್ನಲಿಲ್ಲ. ಪಟ್ಟಿ ಕಟ್ಟಿಕೊಂಡವಳು ಹಿಂದಕ್ಕೆ ತಿರುಗಿ ನೋಡಲಾರಳೆಂದು ಎಲ್ಲರಿಗೂ ಗೊತ್ತಿತ್ತಲ್ಲ, ಹಿಂದೆಯೇ ಅಂದರು.

ಶೇಖವ್ವ ಸಾವ್ಕಾರರ ಅಂಗಡಿಗೆ ಹೋದಳು. ದುಡ್ಡು ಕೇಳಲು ಅಲ್ಲ. ಒಂದು ಮಾತು ಬೇಕಿತ್ತು: ನನ್ನ ಕಾರು ಬಡಿದು ಈಕೆಗೆ ನೋವಾಗಿದೆ. ಅದನ್ನು ನಾಲ್ಕು ಜನರ ಮುಂದೆ ಅವರ ಬಾಯಿಂದ ಅನ್ನಿಸಬೇಕಿತ್ತು.

"ಏ ಶೇಖವ್ವಾ, ನಾ ಕಣ್ಣಾರೆ ನೋಡೇನಿ. ನೀ ನಗಾಕತ್ತಿದ್ದಿ," ಎಂದರು ಸಾವ್ಕಾರರು.

"ನಕ್ಕರ ಕುತ್ತಿಗಿ ಉಳೀತೈತೇನ್ರಿ?"

"ಕಾರಿನ ಬಣ್ಣ ಸೈತ ಹೋಗಿಲ್ಲವಾ. ಬಾ, ಬೇಕಾರ ತೋರಸ್ತೇನಿ."

"ಹೋಗಾಕ ನನಗ ಬಣ್ಣ ಹಚ್ಚಿದ್ದಿಲ್ರಿ."

ಗಲ್ಲಾಪೆಟ್ಟಿಗೆಯ ಹತ್ತಿರ ಯಾರೋ ಕಿಸಕ್ಕೆಂದರು. ಸಾವ್ಕಾರರ ಮುಖ ಬಿಗಿಯಿತು. "ಹೊಸಾ ಕಾರಿನ ಮ್ಯಾಲೆ ಅಪವಾದ ಹೊರಸಬ್ಯಾಡ. ಲಗ್ನ ಹತ್ರ ಬಂತು. ಲಗೂ ಸೀರಿ ಇಳಸು."

ದಾರಿಯುದ್ದಕ್ಕೂ ಶೇಖವ್ವ ಹಲ್ಲು ಕಚ್ಚಿದಳು. ಹಲ್ಲು ಕಚ್ಚಿದರೂ ಕುತ್ತಿಗೆ ನೋಯುತ್ತಿತ್ತು. ಮನಸಾರೆ ಸಿಟ್ಟಾಗುವ ಸುಖವನ್ನೂ ಆ ಕಾರು ಉಳಿಸಿರಲಿಲ್ಲ.

ಇಷ್ಟರ ನಡುವೆ ದ್ಯಾಮಪ್ಪನಿಗೆ ಒಳ್ಳೆಯದು ಮಾಡುವ ಬುದ್ಧಿ ಬಂತು. ಗಂಡಂದಿರಿಗೆ ಈ ಬುದ್ಧಿ ಬರುವ ಹೊತ್ತು ಯಾವಾಗಲೂ ಅಷ್ಟೇ, ನಮ್ಮ ನಮ್ಮ ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಒಂದು ಮಧ್ಯಾಹ್ನ ಶೇಖವ್ವ ಗುಳಿಗೆ ನುಂಗಿ ಮಲಗಿದ್ದಾಗ ಅವನು ಆಕೆಯ ಕುಣಿಗಿಳಿದ. ಮಗ್ಗದ ಸದ್ದಿಗೆ ಆಕೆಗೆ ಎಚ್ಚರವಾಯಿತು. ಅದು ಆಕೆಯ ಮಗ್ಗದ ಸದ್ದಲ್ಲ, ಯಾರೋ ಬಾಗಿಲು ಬಡಿಯುತ್ತಿದ್ದಂತಿತ್ತು.

"ಏನ್ ಮಾಡಾಕತ್ತೀರಿ?"

"ನಿನ್ನ ಹೆಸರು ಉಳಸಾಕತ್ತೇನಿ," ಎಂದ ದ್ಯಾಮಪ್ಪ ಹೆಮ್ಮೆಯಿಂದ.

"ನಿಮ್ಮ ಪೆಟ್ಟು ನೋಡ್ರಿ! ಸೀರಿ ನೇಯಾಕತ್ತೀರೋ ಹಾವು ಬಡ್ಯಾಕತ್ತೀರೋ?"

ಆಗಲೇ ಮೊಳದುದ್ದ ಆಗಿತ್ತು. ದ್ಯಾಮಪ್ಪನ ಮುಖ ಇಳಿಯಿತು. "ಬಿಚ್ಚಲೇನು?"

ಶೇಖವ್ವ ಮೈಪೂರ್ತಿ ಬಾಗಿ ಬಟ್ಟೆ ನೋಡಿದಳು. ತನ್ನ ನೇಯ್ಗೆ ಮುಗಿದು ಗಂಡನದು ಶುರುವಾದಲ್ಲಿ ಅಡ್ಡಕ್ಕೆ ಒಂದು ತೆಳು ಗೆರೆ. ಬೇರೆಯವರಾದರೆ ಉಟ್ಟು ಹಳೆಯದಾಗುವವರೆಗೂ ಕಾಣಲಾರರು. ಆದರೆ ಶರಣಬಸಪ್ಪ? ಕೂದಲೆಳೆಯಷ್ಟು ತಪ್ಪನ್ನೂ ಬೆಳಕಿಗೆ ಹಿಡಿದು ಹುಡುಕಿ, ಅದನ್ನೇ ಹೇಳಿ ನೇಕಾರರ ಕೂಲಿ ಮುರಿದು ಬದುಕಿದ ಮನುಷ್ಯ. ಆಕೆ ಬಹಳ ಹೊತ್ತು ಆ ಗೆರೆಯನ್ನೇ ನೋಡಿದಳು.

"ಬಿಚ್ಚಬ್ಯಾಡ್ರಿ. ಪೂರ್ತಿ ನೀವ ನೇಯ್ರಿ."

"ಖರೇನ? ಚಲೋ ಆಗೇತೇನು?"

"ಭಾಳ ಚಲೋ ಆಗೇತ್ರಿ."

ದ್ಯಾಮಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದು ಇನ್ನೂ ಜೋರಾಗಿ ಬಡಿದ.

ಸೀರೆ ಇಳಿದ ದಿನ ಶೇಖವ್ವ ಪಟ್ಟಿ ಬಿಗಿದುಕೊಂಡು, ಗಂಡನ ಮೊಪೆಡ್ಡು ಬೇಡವೆಂದು, ನಡೆದೇ ಅಂಗಡಿಗೆ ಹೋದಳು. ಒಳ್ಳೆ ಗಿರಾಕಿಯ ಹೊತ್ತು. ಬನಶ್ರೀಯೂ ಇದ್ದಳು. ಸಾವ್ಕಾರರು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ಬೆರಳಾಡಿಸುತ್ತ ಬಂದರು. ಬೆರಳು ನಿಂತಿತು.

"ಇಲ್ಲೇನಾಗೈತಿದು?"

"ಎಲ್ರಿ? ನನಗೇನೂ ಕಾಣವಲ್ದು," ಎಂದಳು ಶೇಖವ್ವ.

"ಕಾಣಲಾರದೇನ? ಗೆರಿ ಬಿದ್ದೈತಿ! ಈ ಕಡೆ ನಿನ್ನ ಕೈ, ಆ ಕಡೆ ಯಾರದೋ. ಲಗ್ನದ ಸೀರ್‍ಯಾಗ ಕೈ ಬದಲಿ ಮಾಡೀಯಲ್ಲ, ಬೀಗರ ಮುಂದ ನನ್ನ ಮಾನ ಕಳದಿ!"

ಸಾವ್ಕಾರರ ದನಿಗೆ ಗಿರಾಕಿಗಳೆಲ್ಲ ತಿರುಗಿದರು. ಶೇಖವ್ವ ಕಾದದ್ದೇ ಅದಕ್ಕೆ.

"ಸಾವ್ಕಾರ್ರ, ಎಳಿಯಷ್ಟು ಗೆರಿ ನಿಮಗ ಕಾಣತೈತಿ. ಇಷ್ಟು ದಪ್ಪ ಪಟ್ಟಿ ಕಾಣಂಗಿಲ್ಲ. ಕೈ ಬದಲಾಗೇತಿ ಅಂದ್ರಿ. ಯಾಕ ಬದಲಾತು, ಅದನ್ನೂ ಓದಿ ಹೇಳ್ರಿ. ಆ ಗೆರಿ ನಾ ನೇಯ್ದಿಲ್ಲ, ನನ್ನ ಗಂಡನೂ ನೇಯ್ದಿಲ್ಲ. ನಿಮ್ಮ ಕಾರು ನೇಯ್ದೈತಿ. ಸಾವಕಾಶ ಬಂದು ನೇಯ್ದೈತಿ. ಈಗ ಎತ್ತಿ ಹಿಡೀರಿ, ಎಲ್ಲಾರೂ ನೋಡ್ಲಿ!"

ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಸಾವ್ಕಾರರು ಸೀರೆ ಮಡಿಸಲು ಹೋದರು, ಮಡಿಕೆ ಸರಿ ಬರಲಿಲ್ಲ.

ಬನಶ್ರೀ ಸೀರೆಯ ತುದಿ ಹಿಡಿದುಕೊಂಡಳು. "ಅಪ್ಪಾ, ನಾನೂ ಕಾರಿನ್ಯಾಗ ಇದ್ದೆ. ನನ್ನ ತಲಿನೂ ಸೀಟಿಗೆ ಬಡೀತು. ನೀವು ಹಿಂದ ನೋಡಿದ್ದಿಲ್ಲ."

ಸಾವ್ಕಾರರು ತಮ್ಮ ಎದೆಗೆ ಹೇಳಿಕೊಂಡಂತೆ ಏನೋ ಅಂದರು.

"ಜೋರಾಗಿ ಅನ್ರಿ," ಎಂದಳು ಶೇಖವ್ವ. "ಅವತ್ತ ನಗು ಜೋರಿತ್ತು."

"ಹಿಂದ ನೋಡಿದ್ದಿಲ್ಲವಾ. ನನ್ನ ಕಾರ ಬಡದೈತಿ. ನಿನಗ ಪೆಟ್ಟಾಗೇತಿ." ಈ ಸಲ ರಸ್ತೆಗೂ ಕೇಳಿಸಿತು. ಗಿರಾಕಿಗಳಲ್ಲಿ ನೇಕಾರ ಓಣಿಯವರೂ ಇದ್ದರು. ಸಂಜೆಯೊಳಗೆ ಮಾತು ಮನೆಮನೆ ಮುಟ್ಟುವುದು ಖಚಿತ.

ಶೇಖವ್ವನ ಸಿಟ್ಟು ಇಳಿಯಿತು ಎಂದರೆ ಸುಳ್ಳಾದೀತು. ಒಂದು ಮೆಟ್ಟಿಲು ಕೆಳಗೆ ಬಂದು ಕುಳಿತಿತು, ಅಷ್ಟೆ. ಆಕೆ ಮೈ ಪೂರ್ತಿ ತಿರುಗಿಸಿ ಬಾಗಿಲ ಕಡೆ ಹೊರಟಳು.

ಆದರೆ ವ್ಯಾಪಾರಿಗೆ ತಪ್ಪೊಪ್ಪಿಕೊಂಡ ಸಂಕಟಕ್ಕಿಂತ ಲಗ್ನದ ಸಂಕಟ ದೊಡ್ಡದು. ಹಿಂದಿನಿಂದ ಅವರ ದನಿ ಬಂತು. "ಶೇಖವ್ವಾ, ಲಗ್ನಾನ ಮುಂದ ಹಾಕ್ತೇನಿ. ಹೊಸಾ ಸೀರಿ ಎಂದ ಕೊಡ್ತಿ, ಅದನ್ನರ ಹೇಳಿ ಹೋಗ."

ಶೇಖವ್ವ ತಿರುಗಲಿಲ್ಲ, ತಿರುಗುವಂತೆಯೂ ಇರಲಿಲ್ಲ.

"ಕುತ್ತಿಗಿನ್ನ ಕೇಳ್ರಿ. ನಮ್ಮ ಮನ್ಯಾಗ ಈಗ ಅದ ಹಿರೇದು."