ಕಣ್ಣು ಮುಚ್ಚಿ ತೋಳು ಅಮುಕೋ ಕಾಂತಮ್ಮ

ಯಗಟಿ ಊರಿನ ಕಾಂತಮ್ಮನ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಮೊಮ್ಮಗಳ ಕೆನ್ನೆ ನೋಡಿ ಊರೆಲ್ಲ ಖುಷಿಪಟ್ರೆ ಆಯಮ್ಮ ಒಬ್ಬಳೇ ಹೆದರ್ತಾಳೆ. ಮೊಮ್ಮಗಳು ಗಾನವಿಗೆ ಕರುಳಲ್ಲಿ ಹುಣ್ಣು. ಅದಕ್ಕೆ ಕೊಡೋ ಸ್ಟೀರಾಯ್ಡ್ ಮಾತ್ರೆಗೆ ಮುಖ ಊದಿದೆ, ಕೈಕಾಲಿನ ಮಾಂಸ ಕರಗ್ತಿದೆ. ಕುರಿ ಕೊಳ್ಳೋವಾಗ ಉಣ್ಣೆಗೆ ಮೋಸಹೋಗದೆ ಬೆನ್ನು ಅಮುಕಿ ನೋಡೋ ಅಜ್ಜಿ, ದಿನಾ ಬೆಳಿಗ್ಗೆ ಕಣ್ಣು ಮುಚ್ಕೊಂಡು ಹುಡುಗಿ ತೋಳು ಅಮುಕ್ತಾಳೆ. "ನಾನೇನು ಕುರಿನಾ ಅಜ್ಜಿ?" ಅಂತಾಳೆ ಗಾನವಿ. "ಕುರಿಯಾಗಿದ್ರೆ ಇಷ್ಟೊತ್ತಿಗೆ ಕೊಬ್ಬಿರ್ತಿದ್ದೆ, ಸುಮ್ನಿರೇ!" ಯಾರಾದ್ರೂ ಮಗು ದುಂಡಗಾಯ್ತಲ್ಲ ಅಂದ್ರೆ, "ಕೆನ್ನೆ ಹೊರುತ್ತೇನ್ರೀ ಕೊಡಪಾನ?" ಅಂತ ಸಿಡೀತಾಳೆ. ಆದ್ರೆ ಕಡೂರಿನ ಡಾಕ್ಟ್ರು ಅಳತೆ ನೋಡೋಕೆ ತೋಳಿಗೆ ಟೇಪು ಸುತ್ತೋವಾಗ ಬಾಗಿಲಾಚೆ ನಿಂತು, ತೋಳು ಸಣ್ಣಗಾಗ್ತಿದೆ ಅಂತ ತನ್ನ ಕೈ ಹೇಳಿದ್ದು ಸುಳ್ಳಾಗ್ಲಪ್ಪಾ ಅಂತ ದೇವರನ್ನ ಬೇಡ್ತಾಳೆ. ಆ ಕಡೆ ಹೋದ್ರೆ ಅವರನ್ನ ಕಂಡು ಬನ್ನಿ. ಗಾನವಿ ಕೈಗೆ ನಿಮ್ಮ ಬೆರಳು ಕೊಡಿ. ಎಷ್ಟು ಬಿಗಿಯಾಗಿ ಹಿಡಿದ್ಲು ಅಂತ ಕಾಂತಮ್ಮಂಗೆ ಇದ್ದದ್ದು ಇದ್ದಂಗೇ ಹೇಳಿ.